ಹುತ್ತದ ಅಣಬೆ: ದೊಡ್ಡದು ಮತ್ತು ಚಿಕ್ಕದು

ಗುಡುಗು ಹೊಡೆದರೆ ಅಣಬೆ ಏಳ್ತದೆ ಅನ್ನುತ್ತಾರೆ ಮಲೆನಾಡಿನ ಜನ. ಮಳೆ ಹಿಡಿಯಿತೆಂದರೆ ಬುಟ್ಟಿ ಹಿಡಿದು ಕಾಡಿಗೆ ಹೊರಡುತ್ತಾರೆ. ಅವರಿಗೆ ಬಲು ಇಷ್ಟ ಹುತ್ತದ ಅಣಬೆ. ಅದರಲ್ಲಿ ದೊಡ್ಡದೂ ಉಂಟು, ಚಿಕ್ಕದೂ ಉಂಟು. ಚಿಕ್ಕದು ದೊಡ್ಡದರ ಮರಿಯೇ? ಅಲ್ಲ. ಎರಡೂ ಬೇರೆ ಬೇರೆ ಜಾತಿ. ದಾಯಾದಿಗಳು ಅನ್ನಿ.

ಎರಡನ್ನೂ ಬೆಳೆಸುವುದು ಗೆದ್ದಲು. ಗೆದ್ದಲು ಒಣ ಮರ, ಒಣ ಎಲೆ ತಿಂದು ಗೂಡಿಗೆ ಬರುತ್ತದೆ. ತನ್ನ ಹಿಕ್ಕೆಯಿಂದಲೇ ಒಳಗೆ ಜೇನುಹಟ್ಟಿಯಂಥ ಗೂಡು ಕಟ್ಟುತ್ತದೆ. ಅದರ ಮೇಲೆ ಬಿಳಿ ಬೂಸ್ಟು ಬೆಳೆಯುತ್ತದೆ. ಬೂಸ್ಟು ಗಟ್ಟಿ ನಾರನ್ನು ಮೆತ್ತಗೆ ಮಾಡುತ್ತದೆ. ಅದೇ ಗೆದ್ದಲಿನ ಊಟ. ನಮಗಿಂತ ಎಷ್ಟೋ ಮೊದಲೇ ಗೆದ್ದಲು ಬೇಸಾಯ ಕಲಿತಿತ್ತು ನೋಡಿ! ಈ ಬೂಸ್ಟಿನಿಂದಲೇ ಅಣಬೆ ಏಳುವುದು.

ದೊಡ್ಡ ಅಣಬೆಯ ಕೊಡೆ ಅಂಗೈಯಷ್ಟು ಅಗಲ. ನೆತ್ತಿಯಲ್ಲಿ ಮೊನೆ ಇರುತ್ತದೆ. ಮಣ್ಣು ಸೀಳಿ ಬರಲು ಆ ಮೊನೆ ಬೇಕು. ಬುಡ ಅಗೆದರೆ ಬೇರಿನಂಥ ಉದ್ದ ಬಾಲ ಕಾಣುತ್ತದೆ. ಅದು ನೆಲದೊಳಗಿನ ಗೆದ್ದಲ ಗೂಡಿನವರೆಗೂ ಇಳಿದಿರುತ್ತದೆ.

ಚಿಕ್ಕ ಅಣಬೆಯ ಕೊಡೆ ಒಂದು ಎರಡು ಸೆಂಟಿಮೀಟರ್ ಅಷ್ಟೆ. ಆದರೆ ನೂರಾರು ಒಟ್ಟಿಗೆ ಏಳುತ್ತವೆ. ನೆಲದ ಮೇಲೆ ಮಂಡಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ಇದಕ್ಕೆ ಉದ್ದ ಬಾಲ ಇಲ್ಲ. ಯಾಕೆ? ಗೆದ್ದಲು ಗೂಡಿನ ಚೂರುಗಳನ್ನು ಹೊತ್ತು ತಂದು ಹೊರಗೆ ಹರಡುತ್ತದೆ. ಆ ಚೂರುಗಳ ಮೇಲೆಯೇ ಇದು ಏಳುತ್ತದೆ. ಆಳದಿಂದ ಬರುವ ಕಷ್ಟ ಇದಕ್ಕಿಲ್ಲ.

ಹೀಗಾಗಿ ಬಾಲ ನೋಡಿ ಗುರುತು ಹಿಡಿಯುವ ಉಪಾಯ ದೊಡ್ಡದಕ್ಕೆ ನಡೆಯುತ್ತದೆ, ಚಿಕ್ಕದಕ್ಕೆ ನಡೆಯದು. ಬಿಳಿ ಬಣ್ಣದ ವಿಷದ ಅಣಬೆಗಳೂ ಇವೆ. ಕೆಲವಕ್ಕೆ ಬುಡದಲ್ಲಿ ಚೀಲದಂಥ ಪೊರೆ ಇರುತ್ತದೆ. ಕಿತ್ತು ತರುವಾಗ ಆ ಚೀಲ ಮಣ್ಣಿನಲ್ಲೇ ಉಳಿಯಬಹುದು. ಹುಳ ತಿಂದ ಅಣಬೆ ಒಳ್ಳೆಯದು ಅಂತಾರೆ. ಬೆಳ್ಳಿ ಕಪ್ಪಾಗದಿದ್ದರೆ ವಿಷ ಇಲ್ಲ ಅಂತಾರೆ. ಎರಡೂ ಸುಳ್ಳು. ಎಷ್ಟು ಬೇಯಿಸಿದರೂ ಕೆಲವು ವಿಷ ಹೋಗುವುದಿಲ್ಲ. ಬಲ್ಲ ಹಿರಿಯರು ನೋಡಿ ಹೇಳದೆ ಕಾಡಿನ ಅಣಬೆ ಒಲೆಗೆ ಹೋಗಬಾರದು.

ತಿಂದ ಮೇಲೆ ವಾಂತಿ ಭೇದಿ ಶುರುವಾದರೆ ತಡ ಮಾಡಬೇಡಿ. ಅತಿ ಕೆಟ್ಟ ವಿಷ ಆರು ತಾಸು ಕಳೆದ ಮೇಲೆ ತಲೆ ಎತ್ತುತ್ತದೆ. ನಡುವೆ ಗುಣವಾದಂತೆ ಕಾಣುತ್ತದೆ, ಆದರೆ ಒಳಗೆ ಪಿತ್ತಜನಕಾಂಗ ಕೆಡುತ್ತಿರುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ. ಉಳಿದ ಅಣಬೆ, ಸಿಪ್ಪೆ ಏನಿದ್ದರೂ ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ.