ಬೈಸನ್ ಮಾಂಸ: ಬೆಂದಿದೆಯೆಂದು ತಿಳಿಯುವುದು ಹೇಗೆ?

ಹುಬ್ಬಳ್ಳಿ–ಧಾರವಾಡದಿಂದ ವ್ಯಾಸಂಗಕ್ಕೋ ಉದ್ಯೋಗಕ್ಕೋ ಅಮೆರಿಕಕ್ಕೆ ಹೋದವರಿಗೆ ಅಲ್ಲಿನ ಅಂಗಡಿಗಳಲ್ಲಿ ಬೈಸನ್ ಮಾಂಸ ಕಾಣಸಿಗುತ್ತದೆ. ಮಾಂಸಾಹಾರಿಗಳಾದ ನೀವು ಮೊದಲ ಬಾರಿಗೆ ಅದರ ರುಚಿ ನೋಡುವವರಿದ್ದರೆ ಎರಡು ಸಂಗತಿಗಳನ್ನು ತಿಳಿದಿರಬೇಕು: ಅದು ಯಾವ ಪ್ರಾಣಿ? ಅದು ಬೆಂದಿದೆಯೆಂದು ತಿಳಿಯುವುದು ಹೇಗೆ?

ನಮ್ಮ ದಾಂಡೇಲಿ ಕಾಡಿನ ಕಾಡುಕೋಣವನ್ನು ಇಂಗ್ಲಿಷಿನಲ್ಲಿ ‘ಇಂಡಿಯನ್ ಬೈಸನ್’ ಎನ್ನುವುದುಂಟು. ಈ ಹೆಸರು ತಪ್ಪುದಾರಿಗೆ ಎಳೆಯುತ್ತದೆ. ಕಾಡುಕೋಣ ದನದ ಕುಲದ ಪ್ರಾಣಿ. ವೈಜ್ಞಾನಿಕ ಹೆಸರು ಬಾಸ್ ಗಾರಸ್. ಅಮೆರಿಕದ್ದು ಬೈಸನ್ ಬೈಸನ್ ಎಂಬ ಬೇರೆಯೇ ಪ್ರಭೇದ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಕಾಡುಕೋಣದ ಬೇಟೆ ಅಪರಾಧ. ಅಮೆರಿಕದ ಬೈಸನ್ ಸಹ 19ನೆಯ ಶತಮಾನದ ಬೇಟೆಯಿಂದ ಸಾವಿರಕ್ಕೂ ಕಡಿಮೆ ಸಂಖ್ಯೆಗೆ ಇಳಿದು, ಸಂರಕ್ಷಣೆಯಿಂದ ಚೇತರಿಸಿಕೊಂಡಿತು. ಈಗ ಮಾರಾಟವಾಗುವುದು ಮುಖ್ಯವಾಗಿ ಸಾಕಿದ ಹಿಂಡುಗಳ ಮಾಂಸ.

ಇನ್ನು ಬೇಯಿಸುವ ವಿಚಾರ. ಬೈಸನ್ ಮಾಂಸದ ಎಳೆಗಳ ನಡುವೆ ಕೊಬ್ಬು ಕಡಿಮೆ. ಕೊಬ್ಬಿನ ಉಷ್ಣವಾಹಕತೆ ನೀರಿನಂಶವುಳ್ಳ ಸ್ನಾಯುವಿನದರ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ಕೊಬ್ಬಿಲ್ಲದ ತುಂಡಿನೊಳಗೆ ಶಾಖ ಬೇಗ ಹರಿಯುತ್ತದೆ. ಉಷ್ಣತೆ ಏರಿದಂತೆ ಪ್ರೋಟೀನುಗಳು ಕುಗ್ಗಿ ನೀರನ್ನು ಹಿಂಡಿ ಹೊರಹಾಕುತ್ತವೆ. ಆ ಒಣಗುವಿಕೆಯನ್ನು ಮರೆಸಲು ಕರಗಿದ ಕೊಬ್ಬೂ ಇಲ್ಲ. ಉರಿ ಜೋರಾದರೆ ಮಾಂಸ ಬಿರುಸಾಗುವುದು ಇದರಿಂದಲೇ.

ಹಾಗೆಂದು ಬೇಗನೆ ಇಳಿಸಿದರೆ ಅಪಾಯ. ಇಡಿಯ ತುಂಡಿನಲ್ಲಿ ರೋಗಾಣುಗಳು ಹೆಚ್ಚಾಗಿ ಮೇಲ್ಮೈಯಲ್ಲಿರುತ್ತವೆ. ಖೀಮಾ ಮಾಡಿದಾಗ ಒಳಗೆಲ್ಲ ಸೇರಿಕೊಳ್ಳುತ್ತವೆ. ಅಮೆರಿಕದ ಕೃಷಿ ಇಲಾಖೆಯ ಸೂಚನೆಯಂತೆ ಖೀಮಾದ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಇಡಿಯ ತುಂಡಿಗೆ 63 ಡಿಗ್ರಿ ಮತ್ತು ಇಳಿಸಿದ ಮೇಲೆ ಮೂರು ನಿಮಿಷಗಳ ಬಿಡುವು ಸಾಕು. ಅಲ್ಲಿನ ಉಪಕರಣಗಳು ಫ್ಯಾರನ್‌ಹೀಟ್‌ನಲ್ಲಿರುತ್ತವೆ: 160ರಿಂದ 32 ಕಳೆದು, 5ರಿಂದ ಗುಣಿಸಿ, 9ರಿಂದ ಭಾಗಿಸಿ, 71 ಬರುತ್ತದೆ.

ಬಣ್ಣವನ್ನು ನಂಬಬೇಡಿ. ಸ್ನಾಯುವಿನ ಕೆಂಪಿಗೆ ಮಯೋಗ್ಲೋಬಿನ್ ಕಾರಣ. ಅದು ಕಂದಾಗುವ ಉಷ್ಣತೆ ಎಲ್ಲ ಮಾಂಸದಲ್ಲೂ ಒಂದೇ ಅಲ್ಲ. ಗಡಿಯಾರವನ್ನೂ ನಂಬಬೇಡಿ. ದಪ್ಪ ಎರಡರಷ್ಟಾದರೆ ನಡುವಿಗೆ ಶಾಖ ತಲುಪಲು ಹೆಚ್ಚುಕಡಿಮೆ ನಾಲ್ಕು ಪಟ್ಟು ಸಮಯ ಬೇಕು.

ಕಾಲಿನ ಭಾಗದ ಗಟ್ಟಿ ಮಾಂಸಕ್ಕೆ ನಮ್ಮ ಕುಕ್ಕರೇ ಸೂಕ್ತ. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದ ಧಾರವಾಡದಲ್ಲಿ ನೀರು ಸುಮಾರು 97.5 ಡಿಗ್ರಿಗೆ ಕುದಿಯುತ್ತದೆ. 1600 ಮೀಟರ್ ಎತ್ತರದ ಡೆನ್ವರ್‌ನಲ್ಲಿ ಸುಮಾರು 95ಕ್ಕೆ. ಕುಕ್ಕರಿನೊಳಗೆ ಅದು 120ರ ಸಮೀಪ ಏರುವುದರಿಂದ ನಾರಿನಂತಹ ಕೊಲಾಜೆನ್ ಬೇಗ ಜೆಲಾಟಿನ್ ಆಗಿ ಮೆದುವಾಗುತ್ತದೆ. ಹುರಿಯುವುದಾದರೆ ಮಾತ್ರ ಆಹಾರದ ಥರ್ಮಾಮೀಟರನ್ನು ಎಲುಬಿಗೆ ತಾಗದಂತೆ ತುಂಡಿನ ಅತಿ ದಪ್ಪ ಭಾಗಕ್ಕೆ ಚುಚ್ಚಿ ನೋಡಿ, ಆಮೇಲೆ ಬಡಿಸಿ.