ಹಡಗು ಯಾರಿಗಾಗಿ ಕಾಯುತ್ತದೆ?

ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡುವ ಪ್ರವಾಸಿ ಹಡಗುಗಳಿಗೆ ಒಂದು ದಿನಚರಿ ಇದೆ. ರಾತ್ರಿಯೆಲ್ಲ ಪ್ರಯಾಣ, ಬೆಳಗಾಗುತ್ತಲೇ ಒಂದು ಬಂದರು. ಅಲ್ಲಿ ಎಂಟರಿಂದ ಹನ್ನೆರಡು ಗಂಟೆ ನಿಲುಗಡೆ. ಸಂಜೆಯಾದರೆ ಮತ್ತೆ ಹಗ್ಗ ಬಿಚ್ಚಿ ಮುಂದಿನ ಊರಿಗೆ. ಹಡಗಿನೊಳಗೆ ಊಟ, ಹಾಸಿಗೆ, ಆಟ, ಸಂಗೀತ ಎಲ್ಲವೂ ಸಿದ್ಧವಾಗಿರುತ್ತವೆ, ಅಲ್ಲಿ ನಾವು ತಲೆ ಕೆಡಿಸಿಕೊಳ್ಳಬೇಕಾದದ್ದು ಬಹಳ ಕಡಿಮೆ. ಆದರೆ ಬಂದರಿನಲ್ಲಿ ಇಳಿದ ಮೇಲೆ ಏನು ಮಾಡುವುದು? ಹಡಗಿನವರೇ ಏರ್ಪಡಿಸುವ ಬಸ್ಸು, ಗೈಡು ಇರುವ ಪ್ರವಾಸಕ್ಕೆ ದುಡ್ಡು ಕಟ್ಟುವುದೋ, ನಾವೇ ರೈಲೋ ಬಸ್ಸೋ ಹಿಡಿದು ಹೋಗಿಬರುವುದೋ? ಮಗ ನಮ್ಮನ್ನು ಈ ಪ್ರವಾಸಕ್ಕೆ ಕರೆದೊಯ್ದಾಗ ಮನೆಯಲ್ಲಿ ಹೆಚ್ಚು ಚರ್ಚೆಯಾದದ್ದು ಇದೇ ವಿಷಯ.

ನಾವು ಐದು ಜನ. ನಾನು, ನನ್ನ ಮನೆಯಾಕೆ, ಮಗ, ಸೊಸೆ ಮತ್ತು ಏಳನೇ ತರಗತಿಯ ಮೊಮ್ಮಗಳು. ಮನೆಯಾಕೆಗೆ ಮಂಡಿನೋವು. ಸಮತಟ್ಟಾದ ಜಾಗದಲ್ಲಿ ಅರ್ಧ ಗಂಟೆ ನಡೆದಾರು, ಮೆಟ್ಟಿಲು ಬಂದರೆ ಕಷ್ಟ. ಮೊಮ್ಮಗಳಿಗೆ ಎಲ್ಲವನ್ನೂ ನೋಡಬೇಕು, ಅದೂ ತನ್ನ ಕಾಲಿನಲ್ಲೇ ಓಡಾಡಿ ನೋಡಬೇಕು. ಮಗ ಖರ್ಚಿನ ಬಗ್ಗೆ ಬಾಯಿ ಬಿಡಲಿಲ್ಲ, ಆದರೆ ಹಡಗಿನ ಪ್ರವಾಸಗಳ ಬೆಲೆಪಟ್ಟಿ ನೋಡುವಾಗ ಅವನ ಹುಬ್ಬು ಮೇಲೇರಿದ್ದನ್ನು ನಾನು ಗಮನಿಸಿದ್ದೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವನ ಸವೆಸಿದವನಿಗೆ ತಿಳಿದದ್ದು ಒಂದೇ ದಾರಿ. ಹಳೆಯ ನೋಟ್‌ಬುಕ್ಕಿನಲ್ಲಿ ಪ್ರತಿ ಬಂದರಿಗೂ ಒಂದೊಂದು ಪುಟ ತೆಗೆದು, ನಡುವೆ ಗೀಟು ಎಳೆದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಬರೆದೆ. ಖರ್ಚಿನ ಕಡೆ ಹಣದ ಜೊತೆಗೆ ಇನ್ನೆರಡು ಬಾಬತ್ತು ಸೇರಿಸಿದೆ: ಸಮಯ ಮತ್ತು ಮಂಡಿ.

ಎರಡು ದಾರಿಗಳ ಗುಣ-ದೋಷ

ಹಡಗಿನ ಪ್ರವಾಸದ ಜಮಾ ಕಡೆ ದೊಡ್ಡದೊಂದು ಅಂಶವಿದೆ. ಹಡಗಿನವರು ಕರೆದೊಯ್ದ ಬಸ್ಸು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಹಡಗು ಕಾಯುತ್ತದೆ. ತೀರಾ ಕಾಯಲಾಗದಿದ್ದರೆ ನಮ್ಮನ್ನು ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ಪ್ರವೇಶದ ಟಿಕೆಟು, ಗೈಡು ಎಲ್ಲ ಅವರದೇ. ಪ್ರವಾಸಗಳ ಪಟ್ಟಿಯಲ್ಲಿ ಯಾವುದಕ್ಕೆ ಎಷ್ಟು ನಡಿಗೆ, ಮೆಟ್ಟಿಲು ಇವೆಯೇ ಎಂಬುದನ್ನೂ ಗುರುತು ಹಾಕಿ ತಿಳಿಸಿರುತ್ತಾರೆ. ವಯಸ್ಸಾದವರು ಬೆಲೆಗಿಂತ ಮೊದಲು ಆ ಗುರುತನ್ನು ನೋಡಬೇಕು.

ಖರ್ಚಿನ ಕಡೆ? ಬೆಲೆ ಹೆಚ್ಚು. ನಲವತ್ತು ಜನ ಅಂಗಿಯ ಮೇಲೆ ನಂಬರಿನ ಚೀಟಿ ಅಂಟಿಸಿಕೊಂಡು, ಗೈಡು ಎತ್ತಿ ಹಿಡಿದ ಫಲಕದ ಹಿಂದೆ ಸಾಗಬೇಕು. ಒಬ್ಬರು ಶೌಚಾಲಯಕ್ಕೆ ಹೋದರೆ ಮೂವತ್ತೊಂಬತ್ತು ಜನ ಕಾಯಬೇಕು. ಕೆಲವು ಪ್ರವಾಸಗಳಲ್ಲಿ ನಮಗೆ ಬೇಡದಿದ್ದರೂ ಅಂಗಡಿಯ ಮುಂದೆ ನಿಲ್ಲಿಸುತ್ತಾರೆ.

ಸ್ವಂತವಾಗಿ ಹೋದರೆ ದುಡ್ಡು ಉಳಿಯುತ್ತದೆ, ಇಷ್ಟವಾದ ಕಡೆ ನಿಲ್ಲಬಹುದು, ಬೇಡವಾದದ್ದನ್ನು ಬಿಡಬಹುದು. ಆದರೆ ತಡವಾದರೆ ಹಡಗು ಕಾಯುವುದಿಲ್ಲ. ಹೋಟೆಲು, ಮುಂದಿನ ಬಂದರಿಗೆ ವಿಮಾನವೋ ರೈಲೋ ಎಲ್ಲ ನಮ್ಮ ತಲೆಯ ಮೇಲೆ.

ನಡುವಿನ ದಾರಿಗಳೂ ಇವೆ. ಅನೇಕ ಹಡಗುಗಳು ಊರಿನವರೆಗೆ ಬಸ್ಸು ಮಾತ್ರ ಮಾರುತ್ತವೆ. ಅಲ್ಲಿ ಇಳಿಸಿ, ಇಂಥ ಹೊತ್ತಿಗೆ ಇಲ್ಲೇ ಬನ್ನಿ ಎನ್ನುತ್ತಾರೆ, ನಡುವಿನ ಸಮಯ ನಮ್ಮದು. ಬಂದರುಗಳಲ್ಲಿ ಸಣ್ಣ ಗುಂಪುಗಳನ್ನು ಕರೆದೊಯ್ಯುವ ಸ್ಥಳೀಯರೂ ಇದ್ದಾರೆ. ಅವರಲ್ಲಿ ಕೆಲವರು, ತಮ್ಮಿಂದ ತಡವಾದರೆ ಮುಂದಿನ ಬಂದರಿಗೆ ತಲುಪಿಸುವ ಖರ್ಚು ತಮ್ಮದೆಂದು ಬರೆದುಕೊಡುತ್ತಾರೆ. ಹಾಗೆಂದು ಹಡಗೇನೂ ಕಾಯುವುದಿಲ್ಲ. ಆ ವ್ಯತ್ಯಾಸ ತಿಳಿದಿರಬೇಕು.

ಹಿಂದಿನಿಂದ ಎಣಿಸುವ ಲೆಕ್ಕ

ಮಕ್ಕಳೇ, ಇಲ್ಲೊಂದು ಗಣಿತವಿದೆ. ಇಟಲಿಯ ಚಿವಿತಾವೆಕ್ಕಿಯಾ ಎಂಬ ಬಂದರಿನಿಂದ ರೋಮ್ ನಗರ ಸುಮಾರು 70 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ತುಮಕೂರಿಗೆ ಇರುವಷ್ಟು. ಹಡಗುಗಳ ಜಾಹೀರಾತಿನಲ್ಲಿ ಮಾತ್ರ ಬಂದರಿನ ಹೆಸರೇ ರೋಮ್! ನಮ್ಮ ಹಡಗು ಅಲ್ಲಿ ಬೆಳಿಗ್ಗೆ 7ಕ್ಕೆ ತಲುಪಿ ಸಂಜೆ 7ಕ್ಕೆ ಹೊರಡುವುದಿತ್ತು. ಹನ್ನೆರಡು ಗಂಟೆ ಸಿಕ್ಕಿತು ಎಂದು ಮೊಮ್ಮಗಳು ಕುಣಿದಳು. ನಾನು ಅವಳನ್ನು ಕೂರಿಸಿ ಲೆಕ್ಕವನ್ನು ಕೊನೆಯಿಂದ ಮಾಡಲು ಹೇಳಿದೆ.

ಹಡಗು ಹೊರಡುವುದು 7ಕ್ಕಾದರೂ ಎಲ್ಲರೂ ಒಳಗಿರಬೇಕಾದದ್ದು 6.30ಕ್ಕೆ. ಅದಕ್ಕೂ ಎರಡು ಗಂಟೆ ಮೊದಲು, ಅಂದರೆ 4.30ಕ್ಕೆ, ಬಂದರಿನ ಊರಿನಲ್ಲಿ ಇರಬೇಕೆಂಬುದು ನಾನು ಹಾಕಿದ ನಿಯಮ. ಒಂದು ರೈಲು ತಪ್ಪಿದರೂ ಇನ್ನೊಂದು ಸಿಗಲಿ ಎಂದು. ರೈಲಿಗೆ ಒಂದೂಕಾಲು ಗಂಟೆ ಹಿಡಿದರೆ ರೋಮ್‌ನಿಂದ 3.15ಕ್ಕೆ ಹೊರಡಬೇಕು. ಸ್ಟೇಷನ್ನಿಗೆ 2.45ಕ್ಕೇ ಬರಬೇಕು. ಬೆಳಿಗ್ಗೆ ಹಡಗಿನಿಂದ ಇಳಿದು, ಬಂದರಿನ ಬಸ್ಸು ಹತ್ತಿ, ಸ್ಟೇಷನ್ ಸೇರಿ, 9ರ ಹೊತ್ತಿಗೆ ರೈಲು ಹಿಡಿದರೆ ರೋಮ್ ತಲುಪುವಾಗ 10.15. ಉಳಿದದ್ದೆಷ್ಟು? ನಾಲ್ಕೂವರೆ ಗಂಟೆ. "ತಾತ, ಹನ್ನೆರಡು ಗಂಟೆ ಎಲ್ಲಿ ಹೋಯ್ತು?" ಎಂದು ಅವಳು ಕಣ್ಣರಳಿಸಿದಳು. ಇಂಥ ಪ್ರವಾಸಕ್ಕೆ ಹೊರಟವರೆಲ್ಲ ಈ ಲೆಕ್ಕವನ್ನು ಮನೆಯಲ್ಲೇ ಮಾಡಬೇಕು.

ಮೂರು ಬಂದರು, ಮೂರು ಉತ್ತರ

ರೋಮ್‌ನ ಪುಟದಲ್ಲಿ ಮಂಡಿಯ ಬಾಬತ್ತೇ ಭಾರವಾಯಿತು. ರೈಲು ಬದಲಾಯಿಸುವುದು, ಮೆಟ್ಟಿಲು, ಉಬ್ಬುತಗ್ಗಿನ ಕಲ್ಲುಹಾಸಿನ ಬೀದಿ. ಮೊಮ್ಮಗಳು ಮುಖ ಉಬ್ಬಿಸಿದರೂ ಅಲ್ಲಿ ಹಡಗಿನ ಪ್ರವಾಸವನ್ನೇ ಆರಿಸಿದೆವು. ಐದು ಜನರ ಮೊತ್ತ ಬರೆಯುವಾಗ ಪೆನ್ನು ಸ್ವಲ್ಪ ತಡವರಿಸಿತು. ಕ್ರಿ.ಶ. 80ರಲ್ಲಿ ಉದ್ಘಾಟನೆಯಾದ ಕೊಲೋಸಿಯಂ ಅನ್ನು ಸಾಲಿನಲ್ಲಿ ನಿಂತು ಸುಸ್ತಾಗದೆ ನೋಡಿದೆವು. ಮೊಮ್ಮಗಳಿಗೆ ಅಷ್ಟೇ ಖುಷಿ ಕೊಟ್ಟದ್ದು ಬೀದಿಯ ನಲ್ಲಿಗಳು. ರೋಮ್‌ನ ತುಂಬ ಸದಾ ತಣ್ಣನೆಯ ಕುಡಿಯುವ ನೀರು ಹರಿಯುವ ಕಬ್ಬಿಣದ ನಲ್ಲಿಗಳಿವೆ. ಅವುಗಳ ಹೆಸರು ನಾಸೋನಿ, ಎಂದರೆ ದೊಡ್ಡ ಮೂಗಿನವು. ಕೆಳಗಿನ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೂಗಿನ ಮೇಲಿನ ಸಣ್ಣ ತೂತಿನಿಂದ ನೀರು ಕಾರಂಜಿಯಂತೆ ಚಿಮ್ಮುತ್ತದೆ. ಬಾಟಲಿ ನೀರು ಕೊಳ್ಳುವ ಖರ್ಚು ಉಳಿಯಿತು.

ಮರಳುವಾಗ ಹೆದ್ದಾರಿಯಲ್ಲಿ ವಾಹನಗಳ ಸಾಲು. ಬಸ್ಸು ತೆವಳಿತು. ಹಡಗು ಸೇರಿದಾಗ 6.30ಕ್ಕೆ ಹತ್ತೇ ನಿಮಿಷ ಬಾಕಿ. ಮನೆಯಾಕೆ ದಾರಿಯುದ್ದಕ್ಕೂ ನೆಮ್ಮದಿಯಾಗಿ ನಿದ್ದೆ ಮಾಡಿದರು. ಸ್ವಂತ ಟ್ಯಾಕ್ಸಿಯಲ್ಲಿ ಇದ್ದಿದ್ದರೆ ನಾನು ಎಷ್ಟು ಸಲ ಗಡಿಯಾರ ನೋಡುತ್ತಿದ್ದೆನೋ! ಕೊಟ್ಟ ದುಡ್ಡಿನಲ್ಲಿ ಅರ್ಧ ಆ ನಿದ್ದೆಯ ಬೆಲೆ ಎಂದು ಜಮಾ ಕಡೆ ಬರೆದುಕೊಂಡೆ.

ಲಿವೋರ್ನೋ ಬಂದರಿನ ಉತ್ತರ ಬೇರೆ. ಅಲ್ಲಿಂದ ಫ್ಲಾರೆನ್ಸ್ ಸುಮಾರು 90 ಕಿಲೋಮೀಟರ್, ಪೀಸಾ 20 ಕಿಲೋಮೀಟರ್ ಅಷ್ಟೇ. ಎರಡನ್ನೂ ಒಂದೇ ದಿನ ಮುಗಿಸುವ ಪ್ರವಾಸಗಳಿವೆ, ಬಸ್ಸಿನ ಕಿಟಕಿಯನ್ನೇ ಹೆಚ್ಚು ನೋಡಬೇಕಾದೀತು. ನಾವು ಫ್ಲಾರೆನ್ಸ್ ಬಿಟ್ಟು ಪೀಸಾ ಒಂದಕ್ಕೇ ಸ್ವಂತವಾಗಿ ಹೋದೆವು. ಹಡಗಿನಿಂದ ಊರಿನೊಳಕ್ಕೆ ಬಸ್ಸು, ಅಲ್ಲಿಂದ ಸ್ಟೇಷನ್, ಕಾಲು ಗಂಟೆಯ ಚಿಲ್ಲರೆ ರೈಲು. 1173ರಲ್ಲಿ ಕಟ್ಟಲು ತೊಡಗಿದ ಆ ಗೋಪುರ ಮೆತ್ತನೆಯ ನೆಲದಿಂದಾಗಿ ಕಟ್ಟುವಾಗಲೇ ವಾಲಿತು. ಬೀಳುವ ಭಯದಿಂದ 1990ರಲ್ಲಿ ಮುಚ್ಚಿ, ಎತ್ತರದ ಬದಿಯ ಅಡಿಯಿಂದ ಮಣ್ಣು ತೆಗೆದು ವಾಲುವಿಕೆಯನ್ನು ಸ್ವಲ್ಪ ಕಡಿಮೆ ಮಾಡಿ, 2001ರಲ್ಲಿ ಮತ್ತೆ ತೆರೆದರು. ಅದನ್ನು ಪೂರ್ತಿ ನೆಟ್ಟಗೆ ಮಾಡಲಿಲ್ಲ, ನೆಟ್ಟಗಾದರೆ ನೋಡುವವರು ಯಾರು? ಮನೆಯಾಕೆ ಹುಲ್ಲುಹಾಸಿನ ಪಕ್ಕದಲ್ಲಿ ಕುಳಿತು ಚಟ್ನಿಪುಡಿ ಹಚ್ಚಿದ ಬ್ರೆಡ್ ತಿನ್ನುತ್ತ, "ರೀ, ಇವತ್ತು ಯಾರೂ ನನ್ನನ್ನು ಏಳಿ ಏಳಿ ಅನ್ನಲಿಲ್ಲ ನೋಡಿ" ಎಂದರು. ಸ್ವಂತ ಪ್ರವಾಸ ಎಂದರೆ ಓಡುವುದೇ ಆಗಬೇಕಿಲ್ಲ, ಕೂರುವ ಸ್ವಾತಂತ್ರ್ಯವೂ ಅದರಲ್ಲಿದೆ.

ನೇಪಲ್ಸ್‌ನಲ್ಲಿ ನಾವು ಎರಡು ತಂಡವಾದೆವು. ಅಲ್ಲಿ ಹಡಗು ಊರಿನ ಮಧ್ಯಕ್ಕೇ ಬಂದು ನಿಲ್ಲುತ್ತದೆ. ಅತ್ತೆ-ಸೊಸೆ ಬಂದರಿನ ಎದುರಿನ ಹಳೆಯ ಕೋಟೆಯನ್ನೂ, ಗಾಜಿನ ಚಾವಣಿಯ ಉಂಬೆರ್ತೊ ಗ್ಯಾಲರಿಯನ್ನೂ ನಿಧಾನವಾಗಿ ನೋಡಲು ಹೋದರು. ಮಗ, ಮೊಮ್ಮಗಳು, ನಾನು ಲೋಕಲ್ ರೈಲು ಹತ್ತಿ ಪಾಂಪೇಗೆ ಹೊರಟೆವು. ಪ್ರಯಾಣ ಸುಮಾರು 40 ನಿಮಿಷ, ಟಿಕೆಟು ತಲೆಗೆ ಮೂರು ಚಿಲ್ಲರೆ ಯೂರೋ. ಹದಿನೆಂಟು ವರ್ಷದೊಳಗಿನವರಿಗೆ ಪಾಂಪೇಯಲ್ಲೂ ಕೊಲೋಸಿಯಂನಲ್ಲೂ ಪ್ರವೇಶ ಶುಲ್ಕವಿಲ್ಲ. ವಯಸ್ಸಿನ ದಾಖಲೆ ಜೊತೆಗಿರಲಿ.

ಹೊರಡುವ ಮೊದಲು ಮೊಮ್ಮಗಳಿಗೆ ಒಂದು ಹುದ್ದೆ ಕೊಟ್ಟೆ: ಸಮಯಾಧಿಕಾರಿ. ಹಡಗು ಹೊರಡುವುದು 5ಕ್ಕೆ, ಒಳಗಿರಬೇಕಾದದ್ದು 4.30ಕ್ಕೆ, ಬಂದರಿನ ಬಳಿ ಇರಬೇಕಾದದ್ದು 2.30ಕ್ಕೆ, ಪಾಂಪೇಯಿಂದ ಕಾಲು ತೆಗೆಯುವುದು 1ಕ್ಕೆ. ಎಲ್ಲವನ್ನೂ ಅವಳೇ ಲೆಕ್ಕ ಹಾಕಿ ಬರೆದುಕೊಂಡಳು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಬೂದಿಯಲ್ಲಿ ಹೂತುಹೋದ ಊರು ಅದು. ಬೀದಿಗಳಲ್ಲಿ ಬಂಡಿ ಚಕ್ರಗಳು ಕೊರೆದ ಗೀರುಗಳು ಇಂದಿಗೂ ಇವೆ. ಕಾಲು ಕೊಚ್ಚೆಯಾಗದೆ ಬೀದಿ ದಾಟಲು ಎತ್ತರದ ಕಲ್ಲುಗಳು. ತಿಂಡಿ ಅಂಗಡಿಯ ಕಟ್ಟೆಯಲ್ಲಿ ಪಾತ್ರೆ ಕೂರಿಸುವ ಗುಂಡಿಗಳು. ಒಂದು ಮನೆಯ ಬಾಗಿಲ ಬಳಿ ಸಣ್ಣ ಕಲ್ಲುಗಳನ್ನು ಜೋಡಿಸಿದ ನಾಯಿಯ ಚಿತ್ರ, ಅದರ ಕೆಳಗೆ 'ನಾಯಿ ಇದೆ, ಎಚ್ಚರಿಕೆ' ಎಂದು ಲ್ಯಾಟಿನ್‌ನಲ್ಲಿ ಬರಹ. ನಮ್ಮ ಬೀದಿಯ ಗೇಟುಗಳಲ್ಲಿ ಇರುವುದೇ! "ತಾತ, ಈ ಊರು ಮುಳುಗಿದ್ದು 79, ನಿನ್ನೆಯ ಕೊಲೋಸಿಯಂ 80. ಒಂದೇ ವರ್ಷ ವ್ಯತ್ಯಾಸ. ಇಲ್ಲಿನ ಮಕ್ಕಳು ಅದನ್ನ ನೋಡಲೇ ಇಲ್ಲ" ಎಂದಳು. ಅದು ಅವಳದೇ ಲೆಕ್ಕ, ಗೈಡು ಹೇಳಿದ್ದಲ್ಲ.

ಊರಿನ ಇನ್ನೊಂದು ತುದಿಯಲ್ಲಿ ದೊಡ್ಡ ಬಯಲು ರಂಗಮಂದಿರವಿದೆ. ಅದನ್ನು ನೋಡುವ ಆಸೆ ಅವಳಿಗೆ ಬಹಳ ಇತ್ತು. ಅತ್ತ ಹೊರಡುವ ಹೊತ್ತಿಗೆ ಅವಳೇ ಕೈಗಡಿಯಾರ ನೋಡಿ ನಿಂತುಬಿಟ್ಟಳು. ಮಗ, "ಹತ್ತು ನಿಮಿಷ ಪರವಾಗಿಲ್ಲ ಪುಟ್ಟಿ, ಓಡಿ ನೋಡಿಕೊಂಡು ಬರೋಣ" ಎಂದ. ಅವಳ ಕಣ್ಣು ತುಂಬಿತ್ತು. "ಬೇಡಪ್ಪ, ಬರೆದಿಟ್ಟದ್ದು ಒಂದು ಗಂಟೆ" ಎಂದು ಬಾಗಿಲ ಕಡೆ ತಿರುಗಿದಳು. ನಾನು ಮಾತಾಡಲಿಲ್ಲ. ಹುದ್ದೆ ಕೊಟ್ಟ ಮೇಲೆ ಮಧ್ಯೆ ಬಾಯಿ ಹಾಕಬಾರದು. ಸ್ಟೇಷನ್ನಿಗೆ ಬಂದರೆ ರೈಲು ಆಗಷ್ಟೇ ಹೊರಟಿತ್ತು. ಮುಂದಿನದಕ್ಕೆ ಅರ್ಧ ಗಂಟೆ ಕಾದೆವು. ಬಂದರಿನ ಬಳಿ ತಲುಪಿದಾಗ 2.45. ಕಾಲು ಗಂಟೆ ತಡ, ಆದರೂ ಕೈಯಲ್ಲಿ ಸಾಕಷ್ಟು ಸಮಯ ಉಳಿದಿತ್ತು. ಎಲ್ಲರೂ ಸೇರಿ ಚೀಸ್ ಇಲ್ಲದ, ಟೊಮೆಟೊ, ಬೆಳ್ಳುಳ್ಳಿಯ ಮರಿನಾರಾ ಪಿಜ್ಜಾ ತಿಂದೆವು.

ಸಂಜೆ 5ಕ್ಕೆ ಡೆಕ್ಕಿನ ಮೇಲೆ ನಿಂತಿದ್ದಾಗ ಧ್ವನಿವರ್ಧಕದಲ್ಲಿ ಇಬ್ಬರ ಹೆಸರನ್ನು ಮತ್ತೆ ಮತ್ತೆ ಕೂಗುತ್ತಿದ್ದರು. ಆಮೇಲೆ ಹಗ್ಗ ಬಿಚ್ಚಿದರು. ಹಡಗಿಗೂ ದಡಕ್ಕೂ ನಡುವೆ ನೀರು ಕಂಡ ಹೊತ್ತಿಗೆ ಒಂದು ಟ್ಯಾಕ್ಸಿ ಬಂದು ನಿಂತಿತು. ಗಂಡ-ಹೆಂಡತಿ ಇಳಿದು ಓಡಿ ಬಂದರು. ಕೆಲವರು ಮೇಲಿನಿಂದ ಚಪ್ಪಾಳೆ ತಟ್ಟಿ ನಕ್ಕರು. ಮೊಮ್ಮಗಳು ನಗಲಿಲ್ಲ. "ಅವರ ಬಟ್ಟೆ, ಮಾತ್ರೆ ಎಲ್ಲ ಇಲ್ಲೇ ಇರುತ್ತಲ್ವಾ ತಾತ?" ಎಂದು ಕೇಳಿದಳು. ಹೌದು. ಮಾತ್ರೆ ಎಂಬ ಆ ಮಾತು ನನಗೆ ನಾಟಿತು. ಅಂದಿನಿಂದ ದಡಕ್ಕೆ ಇಳಿಯುವಾಗಲೆಲ್ಲ ಎರಡು ದಿನದ ಮಾತ್ರೆ ನನ್ನ ಕೈಚೀಲದಲ್ಲಿ.

ಹೊರಡುವವರಿಗೆ ಕೆಲವು ಮಾತು

ಬಂದರು ಊರಿಗೆ ಹತ್ತಿರವಿದ್ದರೆ ಸ್ವಂತ ಪ್ರವಾಸ ಸುಲಭ. ಮಾಲ್ಟಾದ ವಲೆಟ್ಟಾದಲ್ಲಿ ಬಂದರಿನ ಬಳಿಯಿಂದ ಮೇಲಿನ ಊರಿಗೆ ಲಿಫ್ಟೇ ಇದೆ. ಗ್ರೀಸ್‌ನ ಪಿರೇಯಸ್‌ನಿಂದ ಅಥೆನ್ಸ್‌ಗೆ ಮೆಟ್ರೋ ಇದೆ. ದೂರವಿದ್ದರೆ, ಅಥವಾ ಜೊತೆಯಲ್ಲಿ ನಡೆಯಲಾರದವರಿದ್ದರೆ, ಹಡಗಿನ ಪ್ರವಾಸಕ್ಕೆ ಕೊಟ್ಟ ದುಡ್ಡು ದಂಡವಲ್ಲ. ಸ್ಯಾಂಟೊರಿನಿಯಂಥ ಕಡೆ ದೊಡ್ಡ ಹಡಗು ದಡಕ್ಕೆ ಬರದೆ ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಅಲ್ಲಿ ದೋಣಿಗೆ, ಮೇಲೇರುವ ಕೇಬಲ್ ಕಾರಿಗೆ, ಎರಡಕ್ಕೂ ಸರದಿಯ ಸಮಯ ಸೇರಿಸಿ.

ಗ್ರೀಸ್‌ನ ಗಡಿಯಾರ ಇಟಲಿಗಿಂತ ಒಂದು ಗಂಟೆ ಮುಂದು. ಮೊಬೈಲು ತಾನಾಗಿ ಸಮಯ ಬದಲಿಸಬಹುದು, ಆದರೆ ನಾವು ನಡೆಯಬೇಕಾದದ್ದು ಹಡಗಿನ ಸಮಯದಂತೆ. ಪ್ರತಿದಿನ ಹಡಗಿನವರು ಕೊಡುವ ದಿನಚರಿ ಹಾಳೆಯಲ್ಲಿ ಮರಳಬೇಕಾದ ಹೊತ್ತೂ, ಬಂದರಿನ ಏಜೆಂಟರ ಫೋನ್ ನಂಬರೂ ಇರುತ್ತದೆ. ಅದನ್ನು ಜೇಬಿನಲ್ಲಿಡಿ. ಇಟಲಿಯಲ್ಲಿ ರೈಲು ಮುಷ್ಕರಗಳನ್ನು ಮುಂಚಿತವಾಗಿ ಪ್ರಕಟಿಸುತ್ತಾರೆ, ಹಿಂದಿನ ದಿನವೇ ವಿಚಾರಿಸಿ. ಅಲ್ಲಿನ ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಇಲ್ಲವಾದರೆ ದಂಡ. ಜನಜಂಗುಳಿಯಲ್ಲಿ ಜೇಬುಗಳ್ಳರಿದ್ದಾರೆ, ಚೀಲ ಎದೆಯ ಮುಂದಿರಲಿ. ಹಡಗು ನಡುವೆ ಟರ್ಕಿಗೂ ಹೋಗುವುದಾದರೆ, ಯುರೋಪಿನ ಷೆಂಗೆನ್ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಿಸಲು ಅವಕಾಶ ಕೊಡುವಂಥದೇ ಎಂದು ನೋಡಿಕೊಳ್ಳಿ.

ಅಜ್ಜ-ಅಜ್ಜಿಯರಿಗೆ ಇನ್ನೊಂದು ಮಾತು. ಮಕ್ಕಳನ್ನು ಬರೀ ಕರೆದೊಯ್ಯಬೇಡಿ, ಅವರ ಕೈಗೆ ಗಡಿಯಾರವನ್ನೋ ನಕ್ಷೆಯನ್ನೋ ಟಿಕೆಟನ್ನೋ ಕೊಡಿ. ಪ್ರವಾಸ ಮುಗಿದ ಮೇಲೆ ನಾನು ನೋಟ್‌ಬುಕ್ಕಿನ ಲೆಕ್ಕ ಮುಚ್ಚಿದೆ. ಹಣದ ಮೊತ್ತ ನಾವು ಅಂದುಕೊಂಡದ್ದಕ್ಕಿಂತ ಕಡಿಮೆಯೇ ಆಗಿತ್ತು. ಪಾಂಪೇಯ ಪುಟದ ಕೊನೆಯಲ್ಲಿ ಮೊಮ್ಮಗಳು ತನ್ನ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾಳೆ: 'ರಂಗಮಂದಿರ, ಬಾಕಿ'. ಆ ಬಾಕಿ ತೀರಿಸಲು ಅವಳಿಗೆ ಬೇಕಾದಷ್ಟು ವರ್ಷಗಳಿವೆ.