ಬಿಸುಟ ಬಾಟಲಿ ರೋಗಾಣುನಾಶಕ ತಂತುವಾಗಬಲ್ಲುದೇ?

ಪ್ರಶ್ನೆ: ಯಡೂರಿನ ಜಾತ್ರೆಯಾದ ಮೇಲೆ ಕೃಷ್ಣೆಯ ದಡದಲ್ಲಿ ಉಳಿಯುವ ನೀರಿನ ಬಾಟಲಿಗಳಿಂದ ರೋಗಾಣುಗಳನ್ನು ತಡೆಯುವ ಎಳೆಗಳನ್ನು ಮಾಡಬಹುದೇ?
– ಓದುಗರೊಬ್ಬರು, ಚಿಕ್ಕೋಡಿ

ಉತ್ತರ: ಮಾಡಬಹುದು. ತಳದಲ್ಲಿ ತ್ರಿಕೋನದ ನಡುವೆ 1 ಎಂಬ ಅಂಕಿಯನ್ನು ಹೊತ್ತ ಪೆಟ್ ಬಾಟಲಿಯೂ ಪಾಲಿಯೆಸ್ಟರ್ ಬಟ್ಟೆಯೂ ಮೂಲತಃ ಒಂದೇ ದ್ರವ್ಯವಾದುದರಿಂದ, ಬಾಟಲಿಯನ್ನು ಚೂರುಮಾಡಿ, ತೊಳೆದು, ಒಣಗಿಸಿ, 260 ಡಿಗ್ರಿ ಸೆಲ್ಸಿಯಸ್ಸಿಗೂ ಮಿಗಿಲಾದ ಉಷ್ಣದಲ್ಲಿ ಕರಗಿಸಿ ಸೂಕ್ಷ್ಮರಂಧ್ರಗಳ ಮೂಲಕ ಒತ್ತಿದರೆ ಎಳೆಗಳು ದೊರೆಯುವುವು. ಆಗಲೇ ಬೆಳ್ಳಿಯ ಅಥವಾ ಸತುವಿನ ಸಂಯುಕ್ತವನ್ನು ಬೆರೆಸಿದರೆ ಅವುಗಳ ಮೇಲೆ ಬ್ಯಾಕ್ಟೀರಿಯಗಳ ವೃದ್ಧಿ ಕುಂಠಿತವಾಗುವುದು. ಬಾಟಲಿಯ ನೂಲು ನಮಗೆ ಅಪರಿಚಿತವಲ್ಲ: 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ಪ್ರಧಾನಿಯವರಿಗೆ ಅರ್ಪಿಸಿದ ನೀಲಿ ಜಾಕೆಟ್ಟು ಇಂಥದೇ.

ಇದಕ್ಕಿಂತಲೂ ವಿಸ್ಮಯಕರವಾದುದು 2013ರಲ್ಲಿ ಐಬಿಎಂ ಹಾಗೂ ಸಿಂಗಪುರದ ವಿಜ್ಞಾನಿಗಳು ಪ್ರಕಟಿಸಿದ ಸಂಶೋಧನೆ. ಪೆಟ್ ಪ್ಲಾಸ್ಟಿಕ್ಕನ್ನು ರಾಸಾಯನಿಕವಾಗಿ ಒಡೆದು ಅವರು ನಿರ್ಮಿಸಿದ ಅಣುಗಳು ನೀರಿನಲ್ಲಿ ತಾವಾಗಿಯೇ ಕೂಡಿಕೊಂಡು ನ್ಯಾನೋತಂತುಗಳಾಗಿ, ತಮ್ಮ ಧನವಿದ್ಯುದಂಶದ ಬಲದಿಂದ ಋಣವಿದ್ಯುದಂಶವುಳ್ಳ ಶಿಲೀಂಧ್ರಕೋಶದ ಪೊರೆಯನ್ನು ಹಿಡಿದು, ಭೇದಿಸಿ, ಆ ಕೋಶವನ್ನು ನಾಶಮಾಡುವುವು. ಇವು ಉಡುಪಿಗಲ್ಲ, ಔಷಧಕ್ಕಾಗಿ ಕಲ್ಪಿತವಾದವು.

ಮಣ್ಣು, ಎಣ್ಣೆ ಮೆತ್ತಿದ ಬಾಟಲಿ ಒಳ್ಳೆಯ ನೂಲಾಗದು. ಆದುದರಿಂದ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಓದುಗರಲ್ಲಿ ನಮ್ಮ ವಿನಂತಿ: ಬಾಟಲಿಗಳನ್ನು ಸುಡದೆ, ಹೊಳೆಗೆ ಎಸೆಯದೆ, ಪ್ರತ್ಯೇಕವಾಗಿ ಕೂಡಿಟ್ಟು ಗುಜರಿಯವರಿಗೆ ಕೊಡಿರಿ.